ಅಡುಗೆ ಕಟ್ಟೆಗೂ ಪೀಠೋಪಕರಣಕ್ಕೂ ಯಾವ ಮರ? ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರು, ಹಳೆಯ ಅಡುಗೆಮನೆಯನ್ನು ಹೊಸದು ಮಾಡಿಸುವವರು ಮರದ ಡಿಪೋಗೆ ಹೋದಾಗ ಮೊದಲು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ‘ಒಳ್ಳೆಯ ತೇಗ ಇದೆಯೇ, ಸಿಎಫ್‌ಟಿಗೆ ಎಷ್ಟು?’ (ಸಿಎಫ್‌ಟಿ ಎಂದರೆ ಘನ ಅಡಿ.) ಈ ಪ್ರಶ್ನೆ ಕೇಳಲೇಬೇಕಾದದ್ದು ನಿಜ, ಆದರೆ ಅದರ ಸರದಿ ಬರುವುದು ನಾಲ್ಕನೆಯದಾಗಿ. ಮರ ಅಡುಗೆಮನೆಯ ಯಾವ ಜಾಗದಲ್ಲಿ ಕೂರಲಿದೆ, ಅದು ಎಷ್ಟು ಒಣಗಿದೆ, ಅದರಲ್ಲಿ ಚೇಗಿನ, ಅಂದರೆ ಒಳಗಿನ ಗಾಢ ಬಣ್ಣದ ಭಾಗದ, ಪಾಲು ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಜಾತಿಯ ವಿಚಾರಕ್ಕೆ ಬೆಲೆ. ಚೆನ್ನಾಗಿ ಒಣಗಿದ ಹಲಸಿನ ಹಲಗೆ ನೇರವಾಗಿ ನಿಂತ ಮನೆಯಲ್ಲೇ ಅದರ ಎರಡರಷ್ಟು ಬೆಲೆಯ ಹಸಿ ತೇಗ ಸೊಟ್ಟಗಾಗಿ ಬಾಯಿ ಬಿಡಬಹುದು. ಆದ್ದರಿಂದ ಇಲ್ಲಿ ವಿಷಯವನ್ನು ಆ ಕ್ರಮದಲ್ಲೇ ತೆಗೆದುಕೊಳ್ಳಲಾಗಿದೆ.

ಮೊದಲು ಅಡುಗೆಮನೆಯ ನಕ್ಷೆ

ಒಂದು ಹಾಳೆಯ ಮೇಲೆ ನಿಮ್ಮ ಕಟ್ಟೆಯ ಉದ್ದಗಲವನ್ನು ಬರೆದುಕೊಂಡು, ಸಿಂಕ್, ಒಲೆ, ವೆಟ್ ಗ್ರೈಂಡರ್, ನೀರಿನ ಫಿಲ್ಟರ್ ಇವು ಎಲ್ಲಿ ಬರುತ್ತವೆ ಎಂದು ಗುರುತು ಮಾಡಿ. ಸಿಂಕ್‌ನ ಎರಡೂ ಬದಿಗೆ ಸುಮಾರು ಎರಡು ಅಡಿ ನೀರಿನ ಜಾಗ. ಒಲೆಯ ಎರಡೂ ಬದಿಗೆ ಒಂದೂವರೆ ಅಡಿ ಬಿಸಿಯ ಜಾಗ. ಉಳಿದದ್ದು ಒಣ ಜಾಗ. ನೀರಿನ ಜಾಗದಲ್ಲೂ ಬಿಸಿಯ ಜಾಗದಲ್ಲೂ ಮರದ ಕಟ್ಟೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ವಿದೇಶದ ಅಡುಗೆಮನೆಗಳ ಚಿತ್ರಗಳಲ್ಲಿ ಸಿಂಕ್‌ನ ಸುತ್ತಲೂ ಮರವಿರುವುದನ್ನು ನೋಡಿ ಆಸೆಪಡುವವರು ಇದ್ದಾರೆ. ಆದರೆ ಕಟ್ಟೆಯ ಮೇಲೆ ನೀರು ಸುರಿದು, ಉಜ್ಜಿ, ಎಳೆದು ತೆಗೆದರೆ ಮಾತ್ರ ಅಡುಗೆಮನೆ ಶುಚಿಯಾಯಿತೆಂದು ನಂಬುವ ನಮ್ಮ ಮನೆಗಳಲ್ಲಿ ಅದು ಹೆಚ್ಚು ದಿನ ಬಾಳುವುದಿಲ್ಲ. ಒಲೆಯಿಂದ ಇಳಿಸಿದ ಕುಕ್ಕರನ್ನು ಕೈಗೆ ಸಿಕ್ಕ ಕಡೆ ಇಡುವ ರೂಢಿಯೂ ಹಾಗೆಯೇ ಸುಲಭವಾಗಿ ಬಿಡುವಂಥದ್ದಲ್ಲ.

ಹೀಗಾಗಿ ಆ ಎರಡು ಜಾಗಗಳಿಗೆ ಗ್ರಾನೈಟ್ ಇರಲಿ. ಚಪಾತಿ ಲಟ್ಟಿಸುವ, ತರಕಾರಿ ಹೆಚ್ಚುವ, ಬೆಳಗಿನ ತಿಂಡಿಗೆ ಎತ್ತರದ ಕುರ್ಚಿ ಎಳೆದುಕೊಂಡು ಕೂರುವ ಒಣ ಜಾಗಕ್ಕೆ ಮರ ಬರಲಿ. ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಇರುವ ಅರ್ಧ ಎತ್ತರದ ಗೋಡೆಯ ಮೇಲ್ಭಾಗ ಇದಕ್ಕೆ ಬಹಳ ಹೊಂದುತ್ತದೆ. ವೆಟ್ ಗ್ರೈಂಡರನ್ನು ಮಾತ್ರ ಮರದ ಮೇಲೆ ಕೂರಿಸಬೇಡಿ. ಅದರ ತೂಕವನ್ನು ಮರ ತಡೆದೀತು; ಕಲ್ಲು ತೊಳೆಯುವಾಗ ಚೆಲ್ಲುವ ನೀರು ಯಂತ್ರದ ಅಡಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದೇ ತೊಂದರೆ.

ಒಣಗಿದೆಯೇ? ಅಳೆದು ನೋಡಿ

ಮರ ಕಡಿದಾಗ ಅದರ ನಾರಿನ ಗೋಡೆಗಳಲ್ಲೂ ನಡುವಿನ ಪೊಳ್ಳುಗಳಲ್ಲೂ ನೀರು ತುಂಬಿರುತ್ತದೆ. ಪೊಳ್ಳಿನ ನೀರು ಹೋಗುವ ತನಕ ಮರ ಅಷ್ಟಾಗಿ ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇ. 25-30ಕ್ಕಿಂತ ಕೆಳಗೆ ಇಳಿದು ನಾರಿನ ಗೋಡೆಯ ನೀರು ಆರತೊಡಗಿದ ಮೇಲೆ ಕುಗ್ಗುವಿಕೆ ಶುರುವಾಗುತ್ತದೆ. ಮೇಲ್ನೋಟಕ್ಕೆ ಒಣಗಿದಂತೆ ಕಾಣುವ ಹಲಗೆ ನಿಮ್ಮ ಮನೆಗೆ ಬಂದ ಮೇಲೆ ಸೀಳುವುದಕ್ಕೆ ಇದೇ ಕಾರಣ: ಅದು ಅಪಾಯದ ಹಂತವನ್ನು ಡಿಪೋದಲ್ಲಿ ದಾಟಿರುವುದಿಲ್ಲ, ನಿಮ್ಮ ಹಜಾರದಲ್ಲಿ ದಾಟುತ್ತದೆ. ಬೆಂಗಳೂರಿನ ಒಳಾಂಗಣದ ಪೀಠೋಪಕರಣಕ್ಕೆ ಶೇ. 10-12ರ ತೇವಾಂಶವನ್ನು ಗುರಿಯಾಗಿಟ್ಟುಕೊಳ್ಳಬಹುದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳ ಗಾಳಿ ಬಹಳ ಒಣಗಿರುತ್ತದೆ. ಜುಲೈಯಿಂದ ಅಕ್ಟೋಬರಿನವರೆಗೆ ಒದ್ದೆ ಗಾಳಿ. ಎಷ್ಟೇ ಒಣಗಿದ ಮರವೂ ಈ ಎರಡರ ನಡುವೆ ವರ್ಷವರ್ಷವೂ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಅದನ್ನು ತಡೆಯಲಾಗದು, ಅದಕ್ಕೆ ಜಾಗ ಬಿಡಬೇಕು ಅಷ್ಟೇ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಂಥ ಕಡೆ ಸಾಲುಗಟ್ಟಿ ನಿಲ್ಲಿಸಿರುವ ಹಲಗೆಗಳನ್ನು ಕೈಯಿಂದ ತಟ್ಟಿ ‘ಸೀಸನ್ ಆಗಿದೆ ಸಾರ್’ ಎನ್ನುವವರ ಮಾತನ್ನು ಮೀಟರಿನಿಂದ ಪರೀಕ್ಷಿಸಿ. ಎರಡು ಮೊಳೆಗಳಿರುವ ಚಿಕ್ಕ ತೇವಾಂಶ ಮೀಟರ್ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಹಲಗೆಯ ತುದಿಗೆ ಚುಚ್ಚಬಾರದು, ಏಕೆಂದರೆ ತುದಿ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಒಂದು ಅಡಿ ಒಳಗೆ, ಸಾಧ್ಯವಾದರೆ ಆಗತಾನೇ ಕೊಯ್ದ ಮೈಯಲ್ಲಿ, ಎರಡು ಮೂರು ಕಡೆ ನೋಡಬೇಕು.

ದೊಡ್ಡ ಮೊತ್ತದ ಮರ ಕೊಳ್ಳುವುದಿದ್ದರೆ ಇನ್ನೂ ನಂಬಿಕಸ್ತ ವಿಧಾನವೊಂದಿದೆ. ಹಲಗೆಯ ತುದಿಯಿಂದ ಒಂದು ಅಡಿ ಒಳಗೆ ಅರ್ಧ ಇಂಚು ದಪ್ಪದ ಒಂದು ತುಂಡನ್ನು ಅಡ್ಡಲಾಗಿ ಕೊಯ್ಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಗೆ ತಂದು, ಒಂದೊಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬಳಿಕ ಅದನ್ನು ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇಟ್ಟು, ಕೆಲವು ಗಂಟೆಗಳಿಗೊಮ್ಮೆ ತೂಗುತ್ತಾ, ತೂಕ ಇಳಿಯುವುದು ನಿಂತಾಗ ಹೊರಗೆ ತೆಗೆಯಿರಿ. ಮೊದಲಿನ ತೂಕದಿಂದ ಕೊನೆಯ ತೂಕವನ್ನು ಕಳೆದು, ಉಳಿದದ್ದನ್ನು ಕೊನೆಯ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶ ಸಿಗುತ್ತದೆ. 56 ಗ್ರಾಂ ಇದ್ದದ್ದು 50 ಗ್ರಾಂಗೆ ನಿಂತರೆ ಶೇ. 12, ಕೊಳ್ಳಬಹುದು. 65 ಗ್ರಾಂ ಇದ್ದದ್ದು 50ಕ್ಕೆ ಇಳಿದರೆ ಶೇ. 30, ಅಂದರೆ ಮರ ಇನ್ನೂ ಹಸಿ. ಅದಕ್ಕೆ ‘ಸೀಸನ್ ಆಗಿದೆ’ ಎಂಬ ದರ ಕೊಡಬೇಕಾಗಿಲ್ಲ.

ಹಸಿಯಾಗಿದ್ದರೂ ಮರ ಚೆನ್ನಾಗಿದೆ, ನಿಮಗೂ ಅವಸರವಿಲ್ಲ ಎನ್ನುವುದಾದರೆ ಕೊಯ್ಯಿಸಿ ನೀವೇ ಒಣಗಿಸಬಹುದು. ನೆರಳಿನಲ್ಲಿ, ಗಾಳಿಯಾಡುವ ಕಡೆ, ನೆಲದಿಂದ ಒಂದು ಅಡಿ ಎತ್ತರಿಸಿ, ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ಒಣ ಪಟ್ಟಿಗಳನ್ನು ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟು ಪೇರಿಸಿ, ಮೇಲೆ ಭಾರ ಹೇರಿ, ಹಲಗೆಗಳ ಎರಡೂ ತುದಿಗೆ ಬಣ್ಣ ಬಳಿಯಬೇಕು. ಒಂದು ಇಂಚಿನ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಅಂದಾಜು ಲೆಕ್ಕ. ಬಿಸಿಲಿನಲ್ಲಿ ಹಾಕಿದರೆ ಬೇಗ ಒಣಗೀತೆಂಬ ಆಸೆ ಬೇಡ. ಹೊರಮೈ ಬಿಗಿದು ಒಳಗು ಹಸಿಯಾಗಿಯೇ ಉಳಿದು ಮರ ಸೀಳುತ್ತದೆ. ವರ್ಷ ಕಾಯಲಾಗದವರು ಕಿಲ್ನ್ ಇರುವ ಮಿಲ್‌ನಲ್ಲಿ ಹಬೆಯ ಕೋಣೆಯಲ್ಲಿ ಒಣಗಿಸಿದ ಮರವನ್ನೇ ಕೇಳಿ ಪಡೆಯುವುದು ಮೇಲು.

ಹಲಗೆಯ ತುದಿಯನ್ನು ಓದುವುದು

ಮರದ ಮುಖ್ಯ ವಿವರಗಳೆಲ್ಲ ಹಲಗೆಯ ಮುಖದಲ್ಲಲ್ಲ, ಅಡ್ಡ ಕೊಯ್ದ ತುದಿಯಲ್ಲಿ ಇರುತ್ತವೆ. ಅಲ್ಲಿ ಒಂದು ಚದರ ಇಂಚಿನಷ್ಟು ಜಾಗವನ್ನು ಹರಿತವಾದ ಉಳಿಯಿಂದ ಕೆತ್ತಿಸಿ ಸ್ವಲ್ಪ ನೀರು ಸವರಿ ನೋಡಿ. ಮೊದಲು ಕಾಣುವುದು ಬಣ್ಣದ ವ್ಯತ್ಯಾಸ: ಒಳಗಿನ ಗಾಢ ಭಾಗ ಚೇಗು, ಹೊರಗಿನ ಬಿಳಿಚಿದ ಭಾಗ ಎಳೆಯ ಮರ. ಕುಟ್ಟೆ ಹುಳುವಿಗೆ ಬೇಕಾದ ಪಿಷ್ಟವಿರುವುದು ಈ ಬಿಳಿ ಭಾಗದಲ್ಲಿ. ತೇಗವೆಂದರೆ ಹುಳು ಬೀಳದ ಮರ ಎಂಬ ಖ್ಯಾತಿ ಚೇಗಿಗೆ ಮಾತ್ರ ಸಲ್ಲುತ್ತದೆ. ತೇಗದ ಬಿಳಿ ಭಾಗ ಇತರ ಸಾಧಾರಣ ಮರಗಳಷ್ಟೇ ದುರ್ಬಲ. ಹದಿನೈದು ಇಪ್ಪತ್ತು ವರ್ಷಕ್ಕೇ ಕಡಿದ ತೋಟದ ತೇಗದಲ್ಲಿ ಬಿಳಿ ಭಾಗದ ಪಾಲು ಹೆಚ್ಚಿರುವುದರಿಂದ, ಪಾಲಿಶ್‌ಗೆ ಮುಂಚೆ ಬಣ್ಣ ಹಚ್ಚಿ ಅದನ್ನು ಮರೆಮಾಚುವ ಪದ್ಧತಿಯೂ ಇದೆ. ಅದಕ್ಕಾಗಿಯೇ ಬಣ್ಣ ಹಾಕುವ ಮುಂಚಿನ ಮರವನ್ನು ನೋಡಬೇಕು.

ಎರಡನೆಯದು ವರ್ಷದ ಉಂಗುರಗಳ ದಿಕ್ಕು. ಅವು ಹಲಗೆಯ ದಪ್ಪದುದ್ದಕ್ಕೂ ನೆಟ್ಟಗೆ ನಿಂತಿದ್ದರೆ ಆ ಹಲಗೆ ಅಗಲದಲ್ಲಿ ಕಡಿಮೆ ಹಿಗ್ಗುತ್ತದೆ. ಕಮಾನಿನಂತೆ ಮಲಗಿದ್ದರೆ ಸುಮಾರು ಎರಡರಷ್ಟು ಹಿಗ್ಗುತ್ತದೆ, ಬಟ್ಟಲಿನಂತೆ ಬಾಗುವ ಸಾಧ್ಯತೆಯೂ ಹೆಚ್ಚು. ಎರಡು ಅಡಿ ಅಗಲದ ತೇಗದ ಕಟ್ಟೆಯಲ್ಲಿ ಉಂಗುರಗಳು ಮಲಗಿದ್ದು, ಮರದ ತೇವಾಂಶ ಶೇ. 4ರಷ್ಟು ಏರಿಳಿದರೆ ಅಗಲ ನಾಲ್ಕೈದು ಮಿಲಿಮೀಟರ್ ಬದಲಾಗುತ್ತದೆ. ಉದ್ದದಲ್ಲಿ ಮಾತ್ರ ಮರ ಬಹುತೇಕ ಅಲ್ಲಾಡುವುದಿಲ್ಲ. ಈ ಒಂದು ಲೆಕ್ಕವನ್ನು ನೆನಪಿಟ್ಟುಕೊಂಡರೆ ಜೋಡಣೆಯ ಕೆಲಸದಲ್ಲಿ ಅರ್ಧ ತಕರಾರು ತಪ್ಪುತ್ತದೆ.

ಮೂರನೆಯದು ಹುಳುವಿನ ತೂತು. ತೂತಿನ ಕೆಳಗೆ ಗೋಧಿ ಹಿಟ್ಟಿನಂಥ ನುಣ್ಣನೆಯ ಪುಡಿ ಉದುರುತ್ತಿದ್ದರೆ ಕುಟ್ಟೆ ಒಳಗೆ ಜೀವಂತವಾಗಿದೆ. ಅಂಥ ಹಲಗೆಯನ್ನು ರಿಯಾಯಿತಿಗೆ ಕೊಟ್ಟರೂ ತರಬೇಡಿ, ಉಳಿದ ಮರಕ್ಕೂ ಹರಡುತ್ತದೆ.

ಈಗ ಜಾತಿಯ ವಿಚಾರ

ತೇಗದ ಹೆಸರು ಸುಮ್ಮನೆ ಬಂದದ್ದಲ್ಲ. ಒಣಗಿದ ತೇಗದ ತೂಕ ಘನಮೀಟರಿಗೆ ಸುಮಾರು 650 ಕಿಲೋ. ಗಟ್ಟಿತನಕ್ಕೆ ಹೋಲಿಸಿದರೆ ಹಗುರವೇ. ಅದರೊಳಗಿನ ಎಣ್ಣೆಯಂಶ ನೀರನ್ನೂ ಹುಳುವನ್ನೂ ದೂರವಿಡುತ್ತದೆ. ಹಿಗ್ಗು ಕುಗ್ಗು ಬೇರೆ ಹಲವು ಗಟ್ಟಿ ಮರಗಳಿಗಿಂತ ಕಡಿಮೆ. ಮರದ ಕಟ್ಟೆ ಬೇಕೇ ಬೇಕು, ಅದೂ ಸ್ವಲ್ಪ ನೀರು ತಾಗುವ ಕಡೆ ಎನ್ನುವವರಿಗೆ ನಾನು ಸೂಚಿಸುವುದು ತೇಗದ ಚೇಗನ್ನೇ. ಆದರೆ ಅಂಗಡಿಯಲ್ಲಿ ತೇಗ ಎಂಬ ಒಂದೇ ಹೆಸರಿನಡಿ ಹಲವು ಸರಕುಗಳಿವೆ. ದಾಂಡೇಲಿಯ ಕಾಡುತೇಗ, ಮಧ್ಯ ಭಾರತದಿಂದ ಬರುವ ನಾಗಪುರ ತೇಗ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ತೋಟಗಳ ತೇಗ ಇವೆಲ್ಲ ನಿಜವಾದ ತೇಗಗಳೇ, ವ್ಯತ್ಯಾಸವಿರುವುದು ವಯಸ್ಸಿನಲ್ಲಿ ಮತ್ತು ಚೇಗಿನ ಪಾಲಿನಲ್ಲಿ. ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಹಾಗಿರುವಾಗ ಇಂದು ‘ಬರ್ಮಾ ತೇಗದ ದಿಮ್ಮಿ’ ಎಂದು ಯಾರಾದರೂ ತೋರಿಸಿದರೆ ಅದು ಎಲ್ಲಿಂದ, ಯಾವಾಗ ಬಂತೆಂದು ಕೇಳುವುದು ನ್ಯಾಯವೇ. ‘ಆಫ್ರಿಕನ್ ತೇಗ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಇರೋಕೊ ಮಾತ್ರ ತೇಗವೇ ಅಲ್ಲ. ಬಾಳಿಕೆಯಲ್ಲಿ ಅದು ಒಳ್ಳೆಯ ಮರ, ಯೂರೋಪಿನಲ್ಲಿ ಅಡುಗೆ ಕಟ್ಟೆಗೆ ಬಳಸುತ್ತಾರೆ ಕೂಡ. ಆದರೆ ತೇಗದ ದರ ಕೊಟ್ಟು ಕೊಳ್ಳುವಂಥದ್ದಲ್ಲ. ತೇಗದ ಅಡ್ಡ ಕೊಯ್ತದಲ್ಲಿ ಉಂಗುರದುದ್ದಕ್ಕೂ ದೊಡ್ಡ ರಂಧ್ರಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ, ಹೊಸದಾಗಿ ಕೆತ್ತಿದ ಕಡೆ ತೊಗಲಿನಂಥ ವಾಸನೆ ಬರುತ್ತದೆ. ಇರೋಕೊದಲ್ಲಿ ರಂಧ್ರಗಳು ಎಲ್ಲೆಡೆ ಚದುರಿರುತ್ತವೆ. ಅನುಮಾನ ಉಳಿದರೆ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರವನ್ನು ಗುರುತಿಸಿಕೊಡುವ ಸೇವೆಯ ಬಗ್ಗೆ ವಿಚಾರಿಸಬಹುದು. ಕೆಲವು ಲಕ್ಷದ ಮರ ಕೊಳ್ಳುವವರಿಗೆ ಅದು ದೊಡ್ಡ ಶ್ರಮವೇನಲ್ಲ.

ನಮ್ಮ ಊರಿನ ಮರಗಳಲ್ಲಿ ಹಲಸಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಕೊಯ್ದಾಗ ಅರಿಶಿನದ ಬಣ್ಣಕ್ಕಿರುವ ಅದರ ಚೇಗು ವರ್ಷಗಳು ಕಳೆದಂತೆ ಕೆಂಗಂದಿಗೆ ತಿರುಗುತ್ತದೆ, ಗೆದ್ದಲನ್ನು ಚೆನ್ನಾಗಿ ತಡೆಯುತ್ತದೆ, ನುಣುಪು ಕೆಲಸಕ್ಕೆ ಒಗ್ಗುತ್ತದೆ. ವೀಣೆಗೆ ಅದನ್ನು ಬಳಸುತ್ತಾರೆಂದರೆ ಆಕಾರ ಉಳಿಸಿಕೊಳ್ಳುವ ಅದರ ಗುಣದ ಬಗ್ಗೆ ಬೇರೆ ಸಾಕ್ಷಿ ಬೇಡ. ಊಟದ ಮೇಜು, ಬೆಂಚು, ಒಣ ಜಾಗದ ಕಟ್ಟೆ ಈ ಮೂರಕ್ಕೂ ಸೂಕ್ತ. ಉದ್ದನೆಯ, ಗಂಟಿಲ್ಲದ ಹಲಗೆ ಸಿಗುವುದು ಮಾತ್ರ ಕಷ್ಟ, ಆದ್ದರಿಂದ ಮೂರು ನಾಲ್ಕು ಇಂಚಿನ ಪಟ್ಟಿಗಳನ್ನು ಜೋಡಿಸುವ ಯೋಜನೆ ಮಾಡಿಕೊಳ್ಳಬೇಕು. ಪಶ್ಚಿಮಘಟ್ಟದ ಹೆಬ್ಬಲಸೂ ಇದೇ ಕುಟುಂಬದ್ದು, ಗುಣದಲ್ಲಿ ಇನ್ನೂ ಒಂದು ಕೈ ಮೇಲು.

ಹೊನ್ನೆ ಬಹಳ ಗಟ್ಟಿ, ನೋಡಲು ಚೆಂದ, ಆದರೆ ಕಟ್ಟೆಗೆ ಬೇಡ. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರಿಗೆ ಆ ನೀರಿನ ಬಣ್ಣ ಬದಲಾಗುವುದು ಗೊತ್ತಿರುತ್ತದೆ. ಅದೇ ಬಣ್ಣ ಒದ್ದೆ ಕಟ್ಟೆಯಿಂದ ಬಿಳಿ ಬಟ್ಟೆಗೂ ಹಿಟ್ಟಿಗೂ ಅಂಟುತ್ತದೆ. ಬಾಗಿಲು, ಮಂಚ, ಕಪಾಟಿನ ಚೌಕಟ್ಟು ಇವಕ್ಕೆ ಅದು ಅತ್ಯುತ್ತಮ. ಮತ್ತಿ ಇನ್ನೂ ಭಾರ, ಒಣಗುವಾಗ ಸೀಳುವ ಸ್ವಭಾವದ್ದು, ಉಪಕರಣಗಳನ್ನು ಬೇಗ ಮೊಂಡಾಗಿಸುತ್ತದೆ. ಹಳೆಯ ತೊಲೆಯಾಗಿ ಸಿಕ್ಕರೆ ಮೇಜಿನ ಕಾಲಿಗೆ ತೆಗೆದುಕೊಳ್ಳಿ, ಹೊಸದಾಗಿ ಕೊಯ್ಯಿಸಿ ಹಲಗೆ ಮಾಡಿಸುವ ಸಾಹಸ ಬೇಡ. ಬೇವು ಅಗ್ಗದ ಪೀಠೋಪಕರಣಕ್ಕೆ ಆದೀತು, ಎಳೆ ಹೆಣೆದುಕೊಂಡಿರುವುದರಿಂದ ಕೀಸುವಾಗ ಕಿತ್ತುಬರುತ್ತದೆ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕಡಿಮೆ ಬೆಲೆಯದು, ಅಡ್ಡಗೆರೆಗಳ ಮಿನುಗು ಅದರ ಅಂದ. ರಬ್ಬರ್ ಮರ ಹಾಲು ಬತ್ತಿದ ತೋಟಗಳಿಂದ ಬರುತ್ತದೆ. ಚಿಕ್ಕ ತುಂಡುಗಳನ್ನು ಬೆರಳು ಹೆಣೆದಂತೆ ಕೂಡಿಸಿದ ಹಲಗೆಗಳಾಗಿ ಮಾರುತ್ತಾರೆ. ಎರಡೂ ಹುಳುವಿಗೆ ಸುಲಭದ ತುತ್ತು. ಬೋರಾಕ್ಸ್ ಉಪಚಾರ ಆಗಿರುವ, ಕಿಲ್ನ್‌ನಲ್ಲಿ ಒಣಗಿಸಿದ ರಬ್ಬರ್ ಮರ ಊಟದ ಮೇಜಿಗೂ ಡ್ರಾಯರಿಗೂ ಹಣಕ್ಕೆ ತಕ್ಕ ಸರಕು. ನೀರು ತಾಗುವ ಕಡೆ ಬೇಗ ಕಪ್ಪು ಬೂಷ್ಟು ಹಿಡಿಯುತ್ತದೆ. ಮಾವಿನ ಮರವೂ ಇದೇ ವರ್ಗಕ್ಕೆ ಸೇರಿದ್ದು. ಆನ್‌ಲೈನ್‌ನಲ್ಲಿ ಶೀಶಮ್ ಎಂದು ಗಾಢ ಬಣ್ಣದಲ್ಲಿ ಬರುವ ಪೀಠೋಪಕರಣವನ್ನು ತಿರುಗಿಸಿ, ಬಣ್ಣ ತಾಗದ ಅಡಿಭಾಗದಲ್ಲಿ ಮರದ ನಿಜಬಣ್ಣ ಯಾವುದೆಂದು ನೋಡುವುದು ಒಳ್ಳೆಯದು.

ಬೀಟೆಯ ಮಾತು ಬೇರೆ. ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಣ) ಒಪ್ಪಂದದ ಎರಡನೇ ಅನುಬಂಧದ ನಿಯಂತ್ರಣದಲ್ಲಿದೆ, ಒಳನಾಡಿನಲ್ಲೂ ಅರಣ್ಯ ಇಲಾಖೆಯ ಕಾಗದಪತ್ರಗಳಿಲ್ಲದೆ ಸಾಗಿಸುವಂತಿಲ್ಲ. ಅಜ್ಜನ ಕಾಲದ ಬೀಟೆಯ ಮೇಜು ಮನೆಯಲ್ಲಿದ್ದರೆ ಜೋಪಾನ ಮಾಡಿ. ಅಡುಗೆಮನೆಗೆಂದು ಹೊಸದಾಗಿ ಹುಡುಕುವ ಮರ ಅದಲ್ಲ. ಆಮದಾಗಿ ಬರುವ ಮರಗಳಲ್ಲಿ ವೈಟ್ ಓಕ್ ಕಟ್ಟೆಗೆ ಆದೀತು. ಅದರ ರಂಧ್ರಗಳು ಒಳಗಿನಿಂದ ಮುಚ್ಚಿರುತ್ತವೆ. ರೆಡ್ ಓಕ್‌ನ ರಂಧ್ರಗಳು ತೆರೆದಿರುವುದರಿಂದ ನೀರು ಹೀರುತ್ತದೆ. ಬೀಚ್ ನೋಡಲು ನಯವಾದರೂ ತೇವಕ್ಕೆ ಬಹಳ ಹಿಗ್ಗುತ್ತದೆ.

ಕೆಡವಿದ ಮನೆಯ ಮರ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಹಳೆಯ ಮನೆಗಳನ್ನು ಕೆಡವಿದಾಗ ಮದ್ರಾಸ್ ತಾರಸಿಯ ತೊಲೆಗಳು, ಜಂತೆಗಳು, ಬಾಗಿಲು ಕಿಟಕಿಗಳ ಚೌಕಟ್ಟುಗಳು ಹಳೆ ಮರದ ವ್ಯಾಪಾರಿಗಳ ಕೈಸೇರುತ್ತವೆ. ಕಟ್ಟೆಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಅಪರೂಪ: ಪ್ರಾಯಕ್ಕೆ ಬಂದ ಮರದ ಚೇಗು, ದಶಕಗಳ ಕಾಲ ಇದೇ ಊರಿನ ಗಾಳಿಯಲ್ಲಿ ಒಣಗಿದ್ದು. ಆದರೆ ತೊಲೆಯೊಳಗೆ ಮುರಿದ ಮೊಳೆಗಳಿರುತ್ತವೆ. ಲೋಹ ಪತ್ತೆ ಮಾಡುವ ಯಂತ್ರವೋ ಬಲವಾದ ಅಯಸ್ಕಾಂತವೋ ಹಿಡಿದು ನೋಡದೆ ಕೊಯ್ಯಲು ಕೊಟ್ಟರೆ ಸಾಮಿಲ್‌ನವರ ಗರಗಸದ ಹಲ್ಲು ಹೋಗುತ್ತದೆ, ದಂಡ ನಿಮ್ಮ ತಲೆಗೆ. ಗೋಡೆಯೊಳಗೆ ಹುದುಗಿದ್ದ ತುದಿಗಳಲ್ಲಿ ಗೆದ್ದಲು ಅಥವಾ ಕೊಳೆತ ಇರಬಹುದಾದ್ದರಿಂದ ಆ ಒಂದು ಅಡಿಯನ್ನು ಕತ್ತರಿಸಿ ಬಿಟ್ಟು ಲೆಕ್ಕ ಹಾಕಿಸಿ. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇದೆ. ಅದನ್ನು ಮನೆಯೊಳಗೆ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು.

ಅಳತೆ ಮತ್ತು ಬಿಲ್ಲು

ಕೊಯ್ದ ಮರಕ್ಕೆ ಸಿಎಫ್‌ಟಿ ಲೆಕ್ಕ ಸರಳ: ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ ಇವನ್ನು ಗುಣಿಸಿ 144ರಿಂದ ಭಾಗಿಸಬೇಕು. ಎಂಟು ಅಡಿ ಉದ್ದ, 24 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಕಟ್ಟೆಗೆ ಸರಿಯಾಗಿ 2 ಸಿಎಫ್‌ಟಿ. ಆದರೆ ಒಂದೂವರೆ ಇಂಚಿನ ಒರಟು ಹಲಗೆ ಕೀಸಿ ಮುಗಿಸಿದಾಗ ಒಂದೂಕಾಲು ಇಂಚಿನ ಹತ್ತಿರ ನಿಲ್ಲುತ್ತದೆ, ಗಂಟು ಸೀಳುಗಳನ್ನು ಬಿಡುವುದೂ ಇರುತ್ತದೆ. ಆದ್ದರಿಂದ ಕಾಲು ಭಾಗದಷ್ಟು ಹೆಚ್ಚಿಗೆ ಕೊಳ್ಳಬೇಕು. ಬಿಲ್ಲಿನಲ್ಲಿ ‘ಮರ’ ಎಂದಷ್ಟೇ ಬರೆಸದೆ ಜಾತಿ, ಅಳತೆ, ಒಣಗಿಸಿದ ವಿಧಾನ ಮೂರನ್ನೂ ಬರೆಸಿ. ಸ್ವಂತ ಜಮೀನಿನ ತೇಗವನ್ನು ಊರಿನಿಂದ ತರಿಸುವ ಆಲೋಚನೆಯಿದ್ದವರು ಕಡಿಯುವ ಮುನ್ನವೇ ಅರಣ್ಯ ಇಲಾಖೆಯ ಅನುಮತಿ ಮತ್ತು ಸಾಗಣೆ ಪರವಾನಗಿಯ ವಿಚಾರ ಮುಗಿಸಿಕೊಳ್ಳಬೇಕು.

ಕಪಾಟಿನ ಒಳಗೆ ಪ್ಲೈವುಡ್

ಕಟ್ಟೆಯ ಕೆಳಗಿನ ಕಪಾಟುಗಳಿಗೆ ಇಡೀ ಮರವನ್ನೇ ಬಳಸುವುದು ದುಂದು, ಮೇಲಾಗಿ ಅಗಲ ಹಲಗೆಗಳು ಹಿಗ್ಗಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಪದರಗಳನ್ನು ಅಡ್ಡ ಉದ್ದ ಅಂಟಿಸಿರುವ ಪ್ಲೈವುಡ್ ಹಾಗೆ ಅಲುಗಾಡದು. ಸಿಂಕ್‌ನ ಕೆಳಗೆ ಮತ್ತು ಅದರ ಅಕ್ಕಪಕ್ಕಕ್ಕೆ ಐಎಸ್ 710 ಎಂಬ ಭಾರತೀಯ ಮಾನದಂಡದ ಪ್ಲೈವುಡ್ ಬೇಕು; ಆ ಮಾನದಂಡದ ಪರೀಕ್ಷೆಯಲ್ಲಿ ಮಾದರಿಯನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು. ಒಣ ಕಪಾಟಿಗೆ ಐಎಸ್ 303 ಸಾಕು. ಹಲಗೆಯ ಮೇಲೆ ‘ಮೆರೈನ್’, ‘ವಾಟರ್‌ಪ್ರೂಫ್’ ಎಂಬ ಅಚ್ಚು ಮಾತ್ರ ಇದ್ದರೆ ಅದಕ್ಕೆ ಅರ್ಥವಿಲ್ಲ. ಐಎಸ್ ಸಂಖ್ಯೆ ಮತ್ತು ಪರವಾನಗಿ ಸಂಖ್ಯೆ ಇರಬೇಕು, ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಮರದ ನಾರು, ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್‌ಗಳನ್ನು ಸಿಂಕ್‌ನಿಂದ ದೂರವಿಡಿ. ಯಾವ ಹಲಗೆಯಾದರೂ ಕತ್ತರಿಸಿದ ಅಂಚುಗಳನ್ನು, ಪೈಪಿಗಾಗಿ ಕೊರೆದ ತೂತಿನ ಒಳಮೈಯನ್ನೂ ಸೇರಿಸಿ, ಮುಚ್ಚಲೇಬೇಕು. ಪ್ಲೈವುಡ್ ಕೆಡುವುದು ಅಲ್ಲಿಂದಲೇ, ಕಣ್ಣಿಗೆ ಬೀಳದ ಆ ಜಾಗವನ್ನೇ ಕೆಲಸಗಾರರು ಬಿಟ್ಟುಬಿಡುವುದು. ಕಪಾಟಿನ ತಳ ನೆಲಕ್ಕೆ ತಾಗದಂತೆ ನಾಲ್ಕು ಇಂಚಿನ ಕಲ್ಲಿನ ಕಟ್ಟೆಯ ಮೇಲೋ ಸ್ಟೀಲ್ ಕಾಲುಗಳ ಮೇಲೋ ನಿಲ್ಲಲಿ.

ಜೋಡಣೆಯಲ್ಲಿ ನೋಡಬೇಕಾದದ್ದು

ಬಡಗಿಯ ಕೆಲಸವನ್ನು ನಾವು ಕಲಿಸಬೇಕಾಗಿಲ್ಲ. ಆದರೆ ಐದು ವಿಷಯಗಳನ್ನು ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು. ತೇಗದ ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲವಾದ್ದರಿಂದ ಜೋಡಿಸುವ ಅಂಚುಗಳನ್ನು ಅಂಟು ಹಚ್ಚುವ ಮುನ್ನ ಅಸಿಟೋನ್‌ನಿಂದ ಒರೆಸಿಕೊಳ್ಳಬೇಕು. ಕಟ್ಟೆಯನ್ನು ಕೆಳಗಿನ ಚೌಕಟ್ಟಿಗೆ ಬಿಗಿಯುವ ಸ್ಕ್ರೂಗಳ ತೂತುಗಳು ಅಗಲದ ದಿಕ್ಕಿಗೆ ಉದ್ದವಾಗಿರಬೇಕು, ಇಲ್ಲವಾದರೆ ಹಿಗ್ಗಲು ಜಾಗವಿಲ್ಲದೆ ಮರ ನಡುವೆ ಸೀಳುತ್ತದೆ. ಗೋಡೆಯ ಕಡೆ ಐದು ಮಿಲಿಮೀಟರ್ ಬಿಟ್ಟು ಆ ಸಂದನ್ನು ಸಿಲಿಕಾನ್‌ನಿಂದ ಮುಚ್ಚಿ, ಸಿಮೆಂಟಿನಿಂದಲ್ಲ. ಮುಂಭಾಗದ ಅಂಚಿನ ಅಡಿಯಲ್ಲಿ, ತುದಿಯಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿದರೆ ಚೆಲ್ಲಿದ ನೀರು ಕಪಾಟಿನ ಕಡೆಗೆ ಹರಿಯದೆ ಅಲ್ಲೇ ಹನಿಯುತ್ತದೆ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೋ ಹಿತ್ತಾಳೆಯವೋ ಆಗಿರಲಿ.

ಎಣ್ಣೆಯೋ ಪಾಲಿಶ್ಶೋ

ಊಟದ ಮೇಜು, ಕುರ್ಚಿ, ಕಪಾಟಿನ ಬಾಗಿಲುಗಳಿಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕಿಸಬಹುದು. ಹಿಟ್ಟು ನಾದುವ, ತರಕಾರಿ ಹೆಚ್ಚುವ ಕಟ್ಟೆಗೆ ಬೇಡ. ಚಾಕುವಿನ ಗೀರು ಬಿದ್ದ ಕಡೆ ಪಾಲಿಶ್ ಪೊರೆ ಎದ್ದು ಅಡಿಯಲ್ಲಿ ನೀರು ಸೇರುತ್ತದೆ, ಅದನ್ನು ಸರಿಪಡಿಸಬೇಕಾದರೆ ಪೂರ್ತಿ ಉಜ್ಜಿ ತೆಗೆಯಬೇಕು. ಅಂಥ ಕಟ್ಟೆಗೆ ಎಣ್ಣೆಯೇ ಸರಿ. ಅಗಸೆ ಎಣ್ಣೆ ಅಥವಾ ಟಂಗ್ ಎಂಬ ಮರದ ಬೀಜದ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು ಸಲ, ಹೀಗೆ ನಾಲ್ಕೈದು ಸಲ ಹಚ್ಚಬೇಕು. ಬಣ್ಣದಂಗಡಿಯ ‘ಡಬಲ್ ಬಾಯಿಲ್ಡ್’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ, ಆಹಾರ ತಾಗುವ ಕಡೆಗೆ ಅದು ಬೇಡ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳನ್ನೂ ಬಳಸಬಾರದು. ಅವು ಗಟ್ಟಿಯಾಗಿ ಒಣಗುವುದಿಲ್ಲ, ಜಿಡ್ಡಾಗಿ ಧೂಳು ಹಿಡಿದು ಕೊನೆಗೆ ಕಮಟು ವಾಸನೆ ಬರುತ್ತದೆ. ಕಟ್ಟೆಯ ಅಡಿಭಾಗಕ್ಕೂ ಮೇಲ್ಭಾಗದಷ್ಟೇ ಸಲ ಎಣ್ಣೆ ಹಚ್ಚಿಸಿ, ಒಂದೇ ಮೈ ಮುಚ್ಚಿದ ಹಲಗೆ ಬಾಗುತ್ತದೆ.

ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಒಂದೊಂದನ್ನೂ ಹರಡಿ ಬಯಲಲ್ಲಿ ಒಣಹಾಕಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.

ಕಲೆ ಮತ್ತು ಮಳೆಗಾಲ

ಅರಿಶಿನದ ಕಲೆಗೆ ಹೆದರಬೇಕಾಗಿಲ್ಲ, ಬೆಳಕು ಬೀಳುವ ಕಡೆಯಾದರೆ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ. ಕಬ್ಬಿಣದ ಕಲೆ ಹಾಗಲ್ಲ. ದೋಸೆ ಹೆಂಚನ್ನೋ ಈಳಿಗೆಮಣೆಯನ್ನೋ ತೊಳೆದು ಹಾಗೆಯೇ ಒದ್ದೆಯಾಗಿ ಮರದ ಮೇಲಿಟ್ಟರೆ, ಬೆಳಗಾಗುವುದರೊಳಗೆ ಅದರ ಅಂಚಿನ ಅಚ್ಚು ಶಾಯಿಯಂತೆ ಕಪ್ಪಗೆ ಮೂಡಿರುತ್ತದೆ. ಮರದಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದ್ದರ ಫಲ ಅದು. ಮರಳು ಕಾಗದದಿಂದ ಉಜ್ಜಿದರೆ ಗುಂಡಿ ಬೀಳುವುದೇ ಹೊರತು ಕಲೆ ಹೋಗದು. ಆಕ್ಸಾಲಿಕ್ ಆಮ್ಲದ ತೆಳು ದ್ರಾವಣವನ್ನು ಕೈಗವಸು ಹಾಕಿಕೊಂಡು ಹಚ್ಚಿದರೆ ಕಲೆ ತಿಳಿಯಾಗುತ್ತದೆ. ಅದು ವಿಷವಾದ್ದರಿಂದ ಒದ್ದೆ ಬಟ್ಟೆಯಲ್ಲಿ ಹಲವು ಸಲ ಒರೆಸಿ, ಒಣಗಿಸಿ, ಆ ಜಾಗಕ್ಕೆ ಮತ್ತೆ ಎಣ್ಣೆ ಕೊಡಬೇಕು.

ಮೊದಲ ಮಳೆಗಾಲದಲ್ಲಿ ಡ್ರಾಯರ್ ಬಿಗಿಯಾಗುವುದು, ಕಪಾಟಿನ ಬಾಗಿಲು ಚೌಕಟ್ಟಿಗೆ ಉಜ್ಜುವುದು ಸಾಮಾನ್ಯ. ಕೂಡಲೇ ಬಡಗಿಯನ್ನು ಕರೆಸಿ ಕೀಸಿಸಿದರೆ ಮಾರ್ಚ್ ಹೊತ್ತಿಗೆ ಅದೇ ಬಾಗಿಲಿನ ಸಂದಿಯಲ್ಲಿ ಬೆರಳು ತೂರುತ್ತದೆ. ಉಜ್ಜುವ ಅಂಚಿಗೆ ಮೇಣದ ಬತ್ತಿ ಸವರಿ ಜನವರಿಯವರೆಗೆ ತಾಳಿ. ಒಣಗಾಳಿ ಬಂದ ಮೇಲೂ ಬಿಗಿಯಾಗಿಯೇ ಉಳಿದರೆ ಮಾತ್ರ, ಎಲ್ಲಿ ತಾಗುತ್ತಿದೆಯೆಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿಸಿ ಅಷ್ಟನ್ನೇ ಕೀಸಿಸಿ, ಕೀಸಿದ ಅಂಚಿಗೆ ಅಂದೇ ಎಣ್ಣೆಯೋ ಪಾಲಿಶ್ಶೋ ಹಚ್ಚಿಸಿ.